ರೆಕ್ಕೆಯ ಕೆಳಗೆ ಕುಂಬಾರನ ಹುಳ

ಇವತ್ತು ಬೆಳಿಗ್ಗೆ ಅಕ್ಕಿರೊಟ್ಟಿ ತಟ್ಟುತ್ತಾ ನಿಂತಿದ್ದೆ. ಕಿಟಕಿ ಕಡೆಯಿಂದ ಗುಂಯ್ ಅಂತ ಸದ್ದು ಬಂತು. ಕಾವಲಿ ಮೇಲೆ ರೊಟ್ಟಿ ಬಿಟ್ಟು, ಕೈಗೆ ಮೆತ್ತಿದ ಹಿಟ್ಟಿನ ಸಮೇತ ಹಿತ್ತಲಿಗೆ ಓಡಿ ಆಕಾಶ ನೋಡಿದೆ. ಆಕಾಶದಲ್ಲಿ ಏನಿರುತ್ತೆ, ಒಂದು ಹದ್ದು ಸುತ್ತುತ್ತಿತ್ತು. ಒಳಗೆ ಬರೋ ಹೊತ್ತಿಗೆ ರೊಟ್ಟಿ ಸೀದು ಕರ್ರಗಾಗಿತ್ತು. ಸದ್ದು ಮಾಡಿದ್ದು ಕುಂಬಾರನ ಹುಳ. ಅದೇ, ದಾರದಷ್ಟು ಸಣ್ಣ ಸೊಂಟದ್ದು, ಬಚ್ಚಲ ನೀರು ಹರಿಯೋ ಕಡೆಯಿಂದ ಕಾಳಿನಷ್ಟು ಕೆಸರು ಹೊತ್ತು ತಂದು ಮೂಲೆಗೆ ಮೆತ್ತಿ ಗೂಡು ಕಟ್ಟೋದು. ಮೆತ್ತುವಾಗ ಗುಂಯ್ ಅನ್ನುತ್ತೆ. ದೂರದಿಂದ ನಮ್ಮ ವಿಮಾನ ಬರುವಾಗಲೂ ಹೀಗೇ ಕೇಳಿಸ್ತಿತ್ತು.

ಕಾಫಿಗೆ ಬಂದ ನಮ್ಮನೆಯವರು ಸೀದ ರೊಟ್ಟಿ ನೋಡಿದ್ರು, ಕಿಟಕಿ ನೋಡಿದ್ರು, "ಈಗ್ಯಾರೇ ಬಸುರಿ?" ಅಂದ್ರು. ಅರವತ್ತು ದಾಟಿದ ಹೆಂಗಸನ್ನ ಕೇಳೋ ಮಾತಾ ಇದು! ಸೌಟು ತೋರಿಸಿದೆ. ಅವರು ನಗ್ತಾ ಎದ್ದು ಹೋಗಿ, ಹುಳಕ್ಕೆ ತಗುಲದ ಹಾಗೆ ಕಿಟಕಿ ಬಾಗಿಲನ್ನ ಮೆಲ್ಲಗೆ ಸರಿಸಿಟ್ಟು ಬಂದು ಕೂತ್ರು.

ನಮ್ಮ ವಿಮಾನ ಅಂದೆನಲ್ಲ, ಹುಬ್ಬು ಏರಿಸ್ಬೇಡಿ. ಜಂಬದ ಮಾತಲ್ಲ ಅದು. ಎರಡೇ ಸೀಟಿನ, ಬಣ್ಣ ಮಾಸಿದ, ವಯಸ್ಸಾದ ವಿಮಾನ. ಬಾಗಿಲು ಹಾಕೋಕೆ ಎರಡು ಸಲ ಎಳೀಬೇಕು. ಸೀಟಿನ ಕವರು ನಾನು ಹೊಲಿದದ್ದು. ಗಾಳಿ ಯಾವ ಕಡೆಯಿಂದ ಬೀಸ್ತಿದೆ ಅಂತ ತಿಳಿಯೋಕೆ ಕಂಬದ ತುದಿಗೆ ಕಟ್ಟೋ ಗಾಳಿಚೀಲ ನನ್ನ ಹಳೇ ಕೆಂಪು ಸೀರೆ. ಮದುವೆಯಾದ ಹೊಸದರಲ್ಲಿ ಉಟ್ಟ ಸೀರೆ ಮುಪ್ಪಿನಲ್ಲಿ ಆಕಾಶಕ್ಕೆ ದಾರಿ ತೋರಿಸೋ ಕೆಲಸಕ್ಕೆ ಸೇರುತ್ತೆ ಅಂತ ಯಾರಿಗೆ ಗೊತ್ತಿತ್ತು.

ಇವರು ವಿಮಾನ ಕಲಿಸೋ ಶಾಲೆಯೊಂದಕ್ಕೆ ರಿಪೇರಿ ಕೆಲಸಕ್ಕೆ ಅಂತ ಸೇರಿದವರು. ನಟ್ಟು ಬೋಲ್ಟು ತಿರುಗಿಸ್ತಾ ತಿರುಗಿಸ್ತಾ ತಾವೇ ಹಾರೋದು ಕಲಿತು, ಕೊನೆಗೆ ಬೇರೆಯವರಿಗೆ ಕಲಿಸಿ ರಿಟೈರಾದ್ರು. ಆ ಶಾಲೆ ತನ್ನ ಹಳೇ ವಿಮಾನಗಳನ್ನ ಕೈಬಿಡುವಾಗ, ತಾವು ಮೊದಲ ಸಲ ಒಬ್ಬರೇ ಹಾರಿದ ವಿಮಾನ ಟಾರ್ಪಾಲಿನ ಕೆಳಗೆ ಬಿದ್ದಿರೋದು ಇವರ ಕಣ್ಣಿಗೆ ಬಿತ್ತು. ಬೇರೆ ಹೆಂಗಸರ ಗಂಡಂದಿರು ರಿಟೈರಾದಾಗ ಗಡಿಯಾರ ತರ್ತಾರೆ, ಶಾಲು ತರ್ತಾರೆ, ಗಂಧದ ಹಾರ ತರ್ತಾರೆ. ನನ್ನ ಗಂಡ ಲಾರಿ ತಂದ್ರು. ಲಾರಿ ಮೇಲೆ ರೆಕ್ಕೆ ಬಿಚ್ಚಿದ ವಿಮಾನ ಹುಲ್ಲಿನ ಹಾಸಿಗೆಯಲ್ಲಿ ಮಲಗಿತ್ತು. ಬಿಳಿಕೆರೆ ಸರ್ಕಲ್ಲಿನಲ್ಲಿ ಟೀ ಕುಡೀತಿದ್ದವರೆಲ್ಲ ಗ್ಲಾಸು ಹಿಡ್ಕೊಂಡೇ ಎದ್ದು ಬಂದ್ರಂತೆ. "ಇದೇನ್ ಸಾಮಿ, ಬೋರ್‌ವೆಲ್ ಮಿಷನ್ನಾ?" ಅಂತ ಒಬ್ಬ, "ಹೊಗೆಸೊಪ್ಪಿಗೆ ಔಷ್ದಿ ಒಡಿಯಾದಾ?" ಅಂತ ಇನ್ನೊಬ್ಬ.

ನಮ್ಮ ಜಮೀನು ಹುಣಸೂರು ರಸ್ತೆಯಿಂದ ಸ್ವಲ್ಪ ಒಳಗೆ. ಹೊಗೆಸೊಪ್ಪು ವಿಂಗಡಿಸೋಕೆ ಅಂತ ಮಾವನವರು ಕಟ್ಟಿಸಿದ್ದ ಉದ್ದನೆ ಶೆಡ್ಡು ಖಾಲಿ ಇತ್ತು. ಅದರ ಬಾಗಿಲ ಗೋಡೆ ಒಡೆಸಿ ವಿಮಾನ ಒಳಗೆ ಸೇರಿಸಿದ್ದಾಯ್ತು. ರನ್‌ವೇ ಅಂದ್ರೆ ಹುರುಳಿ ಹೊಲದ ಪಕ್ಕದ ಹುಲ್ಲಿನ ಪಟ್ಟೆ. ರೆಕ್ಕೆ ಜೋಡಿಸಿದ ದಿನ ಪಕ್ಕದ ಹೊಲದ ಪುಟ್ಟಮ್ಮತ್ತೆ ನೋಡೋಕೆ ಬಂದ್ರು. ಊರಿನ ಅರ್ಧ ಮಕ್ಕಳನ್ನ ಮೊದಲು ಮುಟ್ಟಿದ್ದು ಅವರ ಕೈ, ಸೂಲಗಿತ್ತಿ. ವಿಮಾನಕ್ಕೆ ಒಂದು ಸುತ್ತು ಹಾಕಿ, ಎಲೆಅಡಿಕೆ ಪಕ್ಕಕ್ಕೆ ಉಗಿದು ಅಂದ್ರು: "ಮ್ಯಾಲೋಗ್ವಾಗ ಸಣ್ಣದಾಗಿ ಕಾಣ್ತದೆ, ಕೆಳಗೆ ದೊಡ್ಡದಾಗಿರ್ತದೆ ಅನ್ಕಂಡಿದ್ದೆ. ಕೆಳಗೂ ಸಣ್ಣದೇಯ. ಓಗ್ಲಿ ಬುಡು." ಇವರ ಮುಖ ನೋಡಬೇಕಿತ್ತು ಆಗ.

ನಾನು ವಿಮಾನದ ವಿದ್ಯೆ ಓದಿದವಳಲ್ಲ. ಆದ್ರೆ ಎಂಜಿನ್ ಸದ್ದಿನಲ್ಲಿ ಬೆಳೆದವಳು. ಹನಗೋಡಿನಲ್ಲಿ, ಲಕ್ಷ್ಮಣತೀರ್ಥ ಹೊಳೆಗೆ ಹೋಗೋ ದಾರಿಯಲ್ಲಿ, ಅಪ್ಪನ ಹಿಟ್ಟಿನ ಮಿಲ್ಲು ಇತ್ತು. ಡೀಸೆಲ್ ಎಂಜಿನ್ನು. ಹೊಳೆಯಾಚೆಯಿಂದ ತಲೆ ಮೇಲೆ ರಾಗಿ ಹೊತ್ತು ಬರೋ ಹೆಂಗಸರು ಸಾಲಾಗಿ ಕೂತಿರೋರು. ನಾವು ಮಕ್ಕಳು ಮಧ್ಯಾಹ್ನದ ಹೊತ್ತಿಗೆ ರೆಪ್ಪೆ, ಹುಬ್ಬು, ತಲೆ ಎಲ್ಲ ಬೆಳ್ಳಗಾಗಿ ಮುದುಕರಾಗಿಬಿಡ್ತಿದ್ವಿ. ಊಟ ಆದ ಮೇಲೆ ಅಪ್ಪ ಗೋಣಿಚೀಲದ ಮೇಲೆ ಉರುಳಿಕೊಂಡು ಗೊರಕೆ ಹೊಡೀತಿದ್ದ. ಅಷ್ಟು ಗಲಾಟೆಯಲ್ಲಿ! ಎಂಜಿನ್ನಿನ ಸದ್ದು ಒಂದು ಎಳೆ ಆಚೀಚೆ ಆದ್ರೆ ಮಾತ್ರ ತಟ್ಟನೆ ಎದ್ದು ಕೂರ್ತಿದ್ದ. "ಸದ್ದಿಗೆ ಎಚ್ಚರ ಆಗಲ್ಲ ಮಗಾ, ಸದ್ದು ಬದಲಾದ್ರೆ ಆಯ್ತದೆ" ಅನ್ನೋನು. ಸಂಸಾರಕ್ಕೂ ಈ ಮಾತು ಹೊಂದುತ್ತೆ ಅಂತ ನನಗೆ ಆಮೇಲೆ ಗೊತ್ತಾಯ್ತು. ದಿನಾ ಗೊಣಗೋ ಗಂಡ ಒಂದು ದಿನ ಗೊಣಗದೆ ಕೂತ್ರೆ ಎದೆ ಧಸಕ್ಕನ್ನುತ್ತೆ.

ಹಳೇ ವಿಮಾನ ಇಟ್ಕೊಳ್ಳೋದು ಅಂದ್ರೆ ಹಾರೋದು ಅಂತ ಜನ ತಿಳ್ಕೊಂಡಿದ್ದಾರೆ. ಅಲ್ಲ, ಒರೆಸೋದು. ಹಾರೋದು ಯಾವಾಗಲೋ ಒಂದು ಭಾನುವಾರ, ಒರೆಸೋದು ದಿನಾ. ಇಲಿ ವೈರು ಕಡೀತಾ ನೋಡ್ಬೇಕು, ಗುಬ್ಬಚ್ಚಿ ಬಾಲದೊಳಗೆ ಹುಲ್ಲು ತುರುಕ್ತಾ ನೋಡ್ಬೇಕು, ಟೈರಿನ ಗಾಳಿ ನೋಡ್ಬೇಕು. ಸ್ಪಾರ್ಕ್ ಪ್ಲಗ್ಗು ತೊಳೆಯೋಕೆ ನನ್ನ ಹಿತ್ತಾಳೆ ಬಟ್ಟಲು ಹೋಯ್ತು. ಸಣ್ಣ ಸ್ಕ್ರೂಗಳು ಕಳೀದಿರ್ಲಿ ಅಂತ ಒಗ್ಗರಣೆ ಡಬ್ಬಿ ಹೋಯ್ತು, ಒಂದು ದಿನ ಸಾರಿನಲ್ಲಿ ಸಾಸಿವೆ ಜೊತೆ ವಾಷರ್ರೂ ಸಿಕ್ತು. ಹಾರೋ ಮುಂಚೆ ಟ್ಯಾಂಕಿನ ತಳದಿಂದ ಒಂದಿಷ್ಟು ಪೆಟ್ರೋಲು ಗಾಜಿನ ಶೀಶೆಗೆ ಹಿಡಿದು, ನೀರು ಸೇರಿದೆಯಾ ಅಂತ ಬಿಸಿಲಿಗೆ ಎತ್ತಿ ನೋಡೋರು. ನಾನು ಹಾಲಿನವನ ಹಾಲನ್ನ ಕೂಡ ಅಷ್ಟು ಅನುಮಾನದಿಂದ ನೋಡಿದವಳಲ್ಲ. ವರ್ಷಕ್ಕೊಮ್ಮೆ ತಪಾಸಣೆಗೆ ಬರೋ ಅಧಿಕಾರಿಗೆ ನನ್ನ ಅವರೆಕಾಳು ಉಪ್ಪಿಟ್ಟು. ಅವರು ವಿಮಾನದ ಕೆಳಗೆ ಮಲಗಿ ನೋಡೋರು, ನಾನು ಬಾಗಿಲಲ್ಲಿ ನಿಂತು ಹೆಣ್ಣು ನೋಡೋಕೆ ಬಂದವರ ಮುಂದೆ ನಿಂತ ಹಾಗೆ ಬೆವರ್ತಿದ್ದೆ.

ಇಷ್ಟೆಲ್ಲ ಚಾಕರಿ ಮಾಡಿದವಳು ವಿಮಾನ ಒಂದು ಸಲವೂ ಹತ್ತಿಲ್ಲ ಅಂದ್ರೆ ನಂಬ್ತೀರಾ? ಭಯ. ಬಾಯಲ್ಲಿ ಮಾತ್ರ ಬೇರೆ ಬೇರೆ ನೆಪ. ಅತ್ತೆಗೆ ಹುಷಾರಾಗ್ಲಿ, ಸುಮಾ ಮದುವೆ ಮುಗೀಲಿ, ಮಳೆ ಕಳೀಲಿ. ಇವರು ಪ್ರತಿ ಸಲ "ಆಯ್ತು ಬುಡು" ಅಂತ ಪಕ್ಕದ ಸೀಟಿನ ಬೆಲ್ಟನ್ನ ಖಾಲಿ ಸೀಟಿಗೇ ಬಿಗಿದು ಹೊರಟುಬಿಡೋರು. ಸುಮಾ ಅಂದ್ರೆ ನಮ್ಮ ಒಬ್ಬಳೇ ಮಗಳು, ಮೈಸೂರಿನಲ್ಲಿ ಗಂಡನ ಮನೆ.

ಮೈಸೂರು ಸೀಮೆಯಲ್ಲಿ ಆಯುಧಪೂಜೆ ದಿನ ಸೈಕಲ್ಲಿಗೂ ಬಾಳೆಕಂದು ಕಟ್ತೀವಿ, ವಿಮಾನಕ್ಕೆ ಬಿಡ್ತೀವಾ? ಚಕ್ರದ ಕೆಳಗೆ ನಿಂಬೆಹಣ್ಣು, ರೆಕ್ಕೆಗೆ ಮಾವಿನ ತೋರಣ, ಮುಂದಿನ ಫ್ಯಾನಿಗೆ ವಿಭೂತಿ ಕುಂಕುಮ, ಕುಂಬಳಕಾಯಿ ಒಡೆಯೋದು. ಹಬ್ಬಕ್ಕೆ ಮುಂಚೆ ಶೆಡ್ಡು ಗುಡಿಸೋದು ದೊಡ್ಡ ಕೆಲಸ. ಒಂದು ವರ್ಷ ಹೀಗೇ ಗುಡಿಸುವಾಗ ಇವರು ಏಣಿ ಹತ್ತಿ, ಕುರ್ಪಿಯಲ್ಲಿ ತೊಲೆ ಮೇಲಿದ್ದ ಮಣ್ಣಿನ ಗೂಡುಗಳನ್ನೆಲ್ಲ ಕೆರೆದು ಹಾಕಿದ್ರು. ಹಬ್ಬ ಕಳೆದ ವಾರಕ್ಕೇ ಸುಮಾ ಮನೆಯಿಂದ ಫೋನು. ಎರಡನೇ ಸಲವೂ ಬಸುರು ನಿಲ್ಲಲಿಲ್ಲ. ಸಮಾಧಾನ ಹೇಳೋಕೆ ಬಂದ ಪುಟ್ಟಮ್ಮತ್ತೆ ನನ್ನ ಪಕ್ಕ ಕೂತು ಮೆಲ್ಲಗೆ, "ಗೂಡ್ಗೀಡು ಒಡೆದ್ರಾ ಗೌರವ್ವ?" ಅಂದ್ರು. ನಾನು ಕೈ ಹಿಸುಕಿ ಸುಮ್ಮನಿರಿಸಿದೆ. ಇವರು ಅಲ್ಲೇ ಬಚ್ಚಲಲ್ಲಿ ಕೈ ತೊಳೀತಿದ್ರು. ನಲ್ಲಿ ನೀರು ಎಷ್ಟು ಹೊತ್ತಾದ್ರೂ ನಿಲ್ಲಲಿಲ್ಲ. ಆಮೇಲೆ ನಮ್ಮನೆಯಲ್ಲಿ ಆ ಮಾತು ಯಾರೂ ಎತ್ತಲಿಲ್ಲ.

ಮುಂದಿನ ವರ್ಷ ಸುಮಾ ಮತ್ತೆ ಬಸುರಿಯಾದಳು. ಓಡಾಟ ಬೇಡ ಅಂದ್ರು ಡಾಕ್ಟರು, ಬೇಗನೇ ತವರಿಗೆ ಕರ್ಕೊಂಡು ಬಂದ್ವಿ. ಅದೇ ಹೊತ್ತಿಗೆ ಇವರ ಹೃದಯದ ಪರೀಕ್ಷೆಯೂ ಬಂತು. ವಿಮಾನ ಹಾರಿಸೋರಿಗೆ ಡಾಕ್ಟರ ಸಹಿ ಇಲ್ಲದಿದ್ರೆ ಆಗಲ್ಲ. ಆ ಡಾಕ್ಟರು ಒಳ್ಳೆಯವರು, ಮುಖ ನೋಡಿ ಹೇಳಿದ್ರಂತೆ: ಇದೇ ಕೊನೆ, ದೀಪಾವಳಿ ಮುಗಿದ ಮೇಲೆ ನನ್ನ ಕೈಲಿ ಸಹಿ ಹಾಕೋಕಾಗಲ್ಲ, ನೀವು ಹಾರೋದೂ ಬೇಡ. ಮನೆಗೆ ಬಂದವರು ಎರಡು ದಿನ ಗೊಣಗಲಿಲ್ಲ. ಮೂರನೇ ದಿನ ನಾನು ಹುರುಳಿಕಟ್ಟು ಬಸೀತಿದ್ದಾಗ ಬಂದು ಬಾಗಿಲಿಗೊರಗಿ ನಿಂತ್ರು.

"ಗೌರಿ, ಕೊನೇ ಸಲಕ್ಕಾದ್ರೂ ಪಕ್ಕದಲ್ಲಿ ಕೂತ್ಕೊಳ್ಳೇ. ಹನಗೋಡಿನ ಮೇಲೆ ಒಂದು ಸುತ್ತು. ನಿಮ್ಮಪ್ಪನ ಮಿಲ್ಲಿನ ಹೆಂಚು ತೋರಿಸ್ತೀನಿ. ಬೇರೇನೂ ಕೇಳಲ್ಲ ನಿನ್ನ."

ಇಷ್ಟು ವರ್ಷದಲ್ಲಿ ಬೇಡಿಕೊಂಡವರಲ್ಲ ಅವರು. "ಸುಮಾ ಸೀಮಂತ ಮುಗೀಲಿ, ಖಂಡಿತ ಕೂತ್ಕೋತೀನಿ" ಅಂದೆ. ಈ ಸಲ ನೆಪ ಅಲ್ಲ, ನಿಜವಾಗಿ ಹೇಳಿದೆ.

ಗೌರಿಹಬ್ಬ ಕಳೆದು ಮಳೆ ಬಿಟ್ಟ ಒಂದು ಬೆಳಿಗ್ಗೆ, ನನ್ನನ್ನ ಕೂರಿಸೋ ಮುಂಚೆ ವಿಮಾನ ಸರಿಯಾಗಿದೆಯಾ ನೋಡ್ತೀನಿ ಅಂತ ಒಬ್ಬರೇ ಹೊರಟ್ರು. ನಾನು ಹಿತ್ತಲಲ್ಲಿ ದಂಟಿನಸೊಪ್ಪು ಕೀಳ್ತಿದ್ದೆ. ಗುಂಯ್ ಅನ್ನೋ ಸದ್ದು ಹುಣಸೂರಿನ ಕಡೆ ಹೋಗಿ, ತಿರುಗಿ ನಮ್ಮ ಕಡೆ ಬರ್ತಿತ್ತು. ಒಂದು ಸಲ ಕೆಮ್ಮಿತು. ಇನ್ನೊಂದು ಸಲ ಕೆಮ್ಮಿತು. ಆಮೇಲೆ ಸದ್ದೇ ಇಲ್ಲ. ಮಿಲ್ಲಿನ ಎಂಜಿನ್ನು ನಿಂತ್ರೆ ಗಿರಾಕಿ ಬೈತಾನೆ, ಅಷ್ಟೇ ತಾನೆ. ಆಕಾಶದಲ್ಲಿ ನಿಂತ್ರೆ ಹೆಂಡತಿಯಾದವಳು ಏನು ಮಾಡ್ಬೇಕು ಅಂತ ನಮ್ಮಪ್ಪ ಹೇಳಿಕೊಟ್ಟಿರಲಿಲ್ಲ. ಸೊಪ್ಪು ಕೈಯಲ್ಲೇ ಇತ್ತು, ಶಿವಾ ಶಿವಾ ಅಂತ ಓಡಿದೆ. ಹುಲ್ಲಿನ ಪಟ್ಟೆ ಮಧ್ಯೆ ಪುಟ್ಟಮ್ಮತ್ತೆ ಎಮ್ಮೆ ಆರಾಮಾಗಿ ಮೆಲುಕು ಹಾಕ್ತಾ ನಿಂತಿದೆ! ದಂಟಿನಸೊಪ್ಪಿನ ಕಟ್ಟಿನಲ್ಲೇ ಅದರ ಬೆನ್ನಿಗೆ ಬಾರಿಸಿದೆ. ಎಮ್ಮೆ ಸೊಪ್ಪಿಗೆ ಬಾಯಿ ಹಾಕ್ತಾ ನನ್ನ ಹಿಂದೆಯೇ ಬದುವಿಗೆ ಬಂತು, ಅದೇ ಪುಣ್ಯ. ವಿಮಾನ ಸದ್ದಿಲ್ಲದೆ ತಲೆ ಮೇಲಿಂದ ಜಾರಿ ಬಂದು, ಕುಪ್ಪಳಿಸಿ, ಹುರುಳಿ ಬಳ್ಳಿಗೆ ಮೂತಿ ತಾಗಿಸಿ ನಿಂತ್ಕೊಳ್ತು.

ಇಳಿದು ಬಂದವರು, "ಏನಿಲ್ಲ ಕಣೇ, ಒಂಚೂರು ಕೆಮ್ಮು" ಅಂದ್ರು. ನಾನು ಅತ್ತೆ, ಬೈದೆ, ಮತ್ತೆ ಅತ್ತೆ.

ಆಮೇಲೆ ಶುರುವಾಯ್ತು ನೋಡಿ ರೋಗ ಹುಡುಕೋ ಕೆಲಸ. ನೆಲದ ಮೇಲೆ ಚಾಲೂ ಮಾಡಿದ್ರೆ ಎಂಜಿನ್ನು ಚಿನ್ನದಂಥದ್ದು. ಡಾಕ್ಟರ ಬಾಗಿಲಿಗೆ ಹೋದ ತಕ್ಷಣ ಹಲ್ಲುನೋವು ಮಾಯ ಆಗುತ್ತಲ್ಲ, ಹಾಗೆ. ಇವರಿಗೆ ಮೊದಲು ಪ್ಲಗ್ಗಿನ ಮೇಲೆ ಅನುಮಾನ, ತೆಗೆದು ಉಜ್ಜಿ ಹಾಕಿದ್ರು. ಆಮೇಲೆ ಕಿಡಿ ಕೊಡೋ ಮ್ಯಾಗ್ನೆಟೊ ಮೇಲೆ ಅನುಮಾನ. ಆಮೇಲೆ ಕಾರ್ಬುರೇಟರ್ ಬಿಚ್ಚಿ, ಸುಮಾ ಸೀಮಂತಕ್ಕೆ ಅಂತ ತಂದಿಟ್ಟಿದ್ದ ಹೊಸ ತಟ್ಟೆಯಲ್ಲಿ ಅದರ ಕರುಳೆಲ್ಲ ಹರಡಿಕೊಂಡು ಕೂತ್ರು. ಬಾಲಕ್ಕೆ ಹಗ್ಗ ಹಾಕಿ ಹೊಂಗೆಮರಕ್ಕೆ ಕಟ್ಟಿ ಓಡಿಸಿ ನೋಡೋರು, ಪೆಟ್ರೋಲು ಸುಮ್ನೆ ಹಾಳು ಅಂತ ಬೇಗ ನಿಲ್ಲಿಸೋರು. ರೋಗ ಸಿಗ್ತಿರಲಿಲ್ಲ, ದೀಪಾವಳಿ ಹತ್ತಿರ ಬರ್ತಿತ್ತು.

ಸಿಕ್ಕಿದ್ದು ಸುಮಾ ಮಜ್ಜಿಗೆಯಿಂದ. ಆವತ್ತು ಅವಳು ಮಜ್ಜಿಗೆ ತಂದು, ಅಪ್ಪನ ಜೊತೆ ಮಾತಿಗೆ ನಿಂತಳು. ಪುಟ್ಟಮ್ಮತ್ತೆಯೂ ಬಂದ್ರು. ಮಾತಿನಲ್ಲಿ ಎಂಜಿನ್ನು ನಿಲ್ಲಿಸೋದೇ ಮರೆತುಹೋಗಿ, ಕಟ್ಟಿದ ವಿಮಾನ ತುಂಬಾ ಹೊತ್ತು ಓಡ್ತಾ ಇತ್ತು. ಕೆಮ್ಮಿತು. ನಿಂತಿತು. ಇವರು ಹಿಗ್ಗಿ ಹೀರೇಕಾಯಾಗಿ ಏಣಿ ಹತ್ತಿ ರೆಕ್ಕೆ ಮೇಲಿನ ಟ್ಯಾಂಕಿನ ಮುಚ್ಚಳ ತಿರುಗಿಸಿದ್ರು. ಸುಯ್ಯ್ ಅಂತ ಗಾಳಿ ಒಳಗೆ ನುಗ್ಗಿತು. ಉಸಿರು ಕಟ್ಟಿ ನೀರಿಂದ ಮೇಲೆ ಬಂದವರು ಎಳ್ಕೊಳ್ತಾರಲ್ಲ, ಅಂಥ ಸದ್ದು. ನಾನೂ ಇವರೂ ಮುಖಮುಖ ನೋಡ್ಕೊಂಡ್ವಿ. ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದ್ರೆ ಎಣ್ಣೆ ಇಳಿಯಲ್ಲ, ಗಾಳಿಗೆ ಅಂತ ಎರಡನೇ ತೂತು ಬೇಕು. ಅಡುಗೆಮನೆಯಲ್ಲಿ ನಿಂತವರಿಗೆಲ್ಲ ಗೊತ್ತಿರೋದು. ವಿಮಾನದಲ್ಲಿ ಆ ಎರಡನೇ ತೂತು ಎಡರೆಕ್ಕೆಯ ಕೆಳಗೆ ಇಣುಕೋ ಒಂದು ಪುಟ್ಟ ಕೊಳವೆ. ಟ್ಯಾಂಕಿನ ಮೂಗು. ಬಗ್ಗಿ ನೋಡಿದ್ರೆ, ಮೂಗಿಗೆ ನುಣ್ಣಗೆ ಮಣ್ಣು ಮೆತ್ತಿ ಮುಚ್ಚಿತ್ತು. ಕುಂಬಾರನ ಹುಳ!

ಇವರು ಜೋರಾಗಿ ನಕ್ಕುಬಿಟ್ರು. ಒಂದು ತಂತಿ ತುಂಡು ನೇರ ಮಾಡ್ಕೊಂಡು ಬಂದ್ರು. ಅರ್ಧ ನಿಮಿಷದ ಕೆಲಸ.

"ಅಯ್ಯೋ ನಿಮ್ ಮನೆ ಕಾಯ್ವಾಗ, ಮುಟ್ಬ್ಯಾಡಿ!" ಅಂತ ಪುಟ್ಟಮ್ಮತ್ತೆ ಕೂಗಿದ್ರು. "ಮನೆ ಮಗ್ಳು ಬಸುರಿ ಆಗಿರ್ವಾಗ ಕುಂಬಾರನ್ ಹುಳ ಗೂಡ್ ಕಟ್ದ್ರೆ ಅದ್ನ ಒಡೀತಾರಾ ಯಾರಾದ್ರೂ? ಅದ್ರ ಮರಿ ಅದಾಗೇ ಈಚೆ ಬರಾಗಂಟ ಮಣ್ಣು ಮುಟ್ಟಂಗಿಲ್ಲ ಕಣಪ್ಪ."

"ಹುಳ ಗೂಡು ಕಟ್ಟಿರೋದು ಅದರ ಸಂಸಾರಕ್ಕೆ, ನಮ್ಮ ಸುಮಾಗಲ್ಲ ಅತ್ತೆ" ಅಂದ್ರು ಇವರು.

"ನೀನು ತೆಗಿಯಪ್ಪ, ಇದನ್ನೆಲ್ಲ ಯಾರು ನಂಬ್ತಾರೆ" ಅಂದಳು ಸುಮಾ. ಅಂದಳು, ಆದ್ರೆ ಹೊಟ್ಟೆ ಮೇಲಿಟ್ಟ ಕೈ ತೆಗೀಲಿಲ್ಲ. ನಾನು ಆ ಕೈಯನ್ನೇ ನೋಡ್ತಿದ್ದೆ. ನಂಬಿಕೆ ಇತ್ತಾ ನನಗೆ? ಇಲ್ಲ ಅಂತಲೇ ಅಂದ್ಕೊಂಡಿದ್ದೆ. ಎರಡು ಸಲ ಬರಿಗೈಯಲ್ಲಿ ಆಸ್ಪತ್ರೆಯಿಂದ ಬಂದ ಮಗಳ ತಾಯಿಗೆ ನಂಬಿಕೆ ಬೇಕಾಗಿಲ್ಲ, ಭಯ ಸಾಕು.

"ರೀ, ಬೇಡ. ತಂತಿ ಕೆಳಗಿಡಿ" ಅಂದೆ.

ಇವರು ನನ್ನನ್ನ ನೋಡಿದ್ರು. ದೀಪಾವಳಿ, ಹನಗೋಡು, ಮಿಲ್ಲಿನ ಹೆಂಚು ಎಲ್ಲ ಆ ನೋಟದಲ್ಲಿತ್ತು. ಆ ಕೊಳವೆ ರೆಕ್ಕೆಗೆ ಭದ್ರವಾಗಿ ಕೂಡಿಸಿದ್ದು, ಬಿಚ್ಚಿ ಪಕ್ಕಕ್ಕಿಡೋ ಹಾಗಿಲ್ಲ. ಬೇರೆ ಕಡೆ ತೂತು ಮಾಡೋಣ ಅಂದ್ರೆ ವಿಮಾನದಲ್ಲಿ ಮೊಳೆ ಹೊಡೆಯೋಕೂ ಅಪ್ಪಣೆ ಬೇಕು. "ಸರಿ ಬುಡು, ನಮ್ಮ ವಿಮಾನಕ್ಕೆ ಹೆರಿಗೆ ರಜೆ" ಅಂತ ತಂತಿಯನ್ನ ಶೆಡ್ಡಿನ ಮೊಳೆಗೆ ನೇತುಹಾಕಿದ್ರು. ಹಾಸ್ಯ ಮಾಡೋದನ್ನ ಮಾತ್ರ ಬಿಡಲಿಲ್ಲ. ಸುಮಾಗೆ ಬಯಕೆ ಊಟ ಬಡಿಸಿದಾಗ, "ರೆಕ್ಕೆ ಕೆಳಗಿನ ಬಸುರಿಗೂ ಒಂದು ಹೋಳಿಗೆ ಇಡು" ಅನ್ನೋರು. ಆಯುಧಪೂಜೆ ದಿನ ಪುಟ್ಟಮ್ಮತ್ತೆ ಆ ಕೊಳವೆಗೂ ಅರಿಶಿನ ಕುಂಕುಮ ಹಚ್ಚಿದ್ರು. ಆ ವರ್ಷ ತೊಲೆ ಮೇಲಿನ ಗೂಡು ಯಾರೂ ಕೆರೀಲಿಲ್ಲ. ಏಣಿ ಗೋಡೆಗೊರಗಿ ನಿಂತೇ ಇತ್ತು.

ನಾನು ದಿನಾ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿದ ಮೇಲೆ ಮೊದಲು ಶೆಡ್ಡಿಗೆ ಹೋಗಿ ರೆಕ್ಕೆ ಕೆಳಗೆ ಬಗ್ಗಿ ನೋಡ್ತಿದ್ದೆ. ಮರಿ ಹೊರಗೆ ಬಂದ್ರೆ ಮಣ್ಣಿನಲ್ಲಿ ದುಂಡಗೆ ತೂತು ಬೀಳುತ್ತೆ. 'ಬಾರವ್ವ, ಬೇಗ ಬಾ, ನಮ್ಮೆಜಮಾನ್ರಿಗೆ ಹೊತ್ತಾಯ್ತದೆ' ಅಂತ ಹುಳದ ಹತ್ತಿರ ಬೇಡಿಕೊಂಡ ಹೆಂಗಸು ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ದೀಪಾವಳಿಗೆ ನೀರು ತುಂಬೋ ದಿನ ಹಂಡೆ ತೊಳೆದಿಟ್ಟು ಹೋಗಿ ನೋಡಿದೆ, ಮಣ್ಣಿನಲ್ಲಿ ದುಂಡನೆ ತೂತು! ಸೆರಗು ಸಿಕ್ಕಿಸ್ಕೊಂಡು ಮಗು ಥರ ಓಡಿ ಬಂದೆ.

"ರೀ, ಹೊರಟುಹೋಯ್ತು! ಮರಿ ಹೊರಟುಹೋಯ್ತು! ತಂತಿ ತಗೊಳ್ಳಿ, ಇವತ್ತೇ ಹೋಗೋಣ. ನಾನು ಒಳ್ಳೆ ಸೀರೆ ಉಟ್ಕೊಂಡ್ ಬರ್ತೀನಿ."

ಅವರ ಮುಖ ಅರಳಿತು. ಟಾರ್ಚು ತಗೊಂಡು ಹೋದ್ರು. ನಾನು ಮೈಸೂರು ಸಿಲ್ಕು ಉಟ್ಟು, ಗಾಳಿಗೆ ಹಾರದ ಹಾಗೆ ಎಲ್ಲೆಲ್ಲೋ ಪಿನ್ನು ಚುಚ್ಚಿಕೊಂಡು, ಭಯಕ್ಕೆ ಒಂದು ನಿಂಬೆಹಣ್ಣು ಕೈಯಲ್ಲಿ ಹಿಡ್ಕೊಂಡು ಜಗಲಿ ಮೇಲೆ ಕೂತೆ. ಎಂಜಿನ್ ಸದ್ದು ಬರಲೇ ಇಲ್ಲ. ಇವರು ಬಂದ್ರು. ನನ್ನ ಸೀರೆ ನೋಡಿ ತಲೆ ತಗ್ಗಿಸಿದ್ರು.

"ಕಾರ್ಬುರೇಟರ್ ಸರಿ ಇಲ್ಲ ಕಣೇ. ಇದರಲ್ಲಿ ನಿನ್ನ ಕೂರಿಸ್ಕೊಂಡು ಹೋಗೋಕಾಗಲ್ಲ."

"ಮೊನ್ನೆ ತಾನೆ ತೊಳೆದ್ರಲ್ಲ?"

"ಹಳೇದು. ಒಂದು ಸರಿ ಮಾಡಿದ್ರೆ ಇನ್ನೊಂದು" ಅಂತ ಒಳಗೆ ಹೋಗಿ ಕೈ ತೊಳೆಯೋಕೆ ನಿಂತ್ರು. ನಲ್ಲಿ ನೀರು ನಿಲ್ಲಲೇ ಇಲ್ಲ.

ನಾನು ಮಿಲ್ಲಿನವನ ಮಗಳು. ಸದ್ದು ಬದಲಾದ್ರೆ ನನಗೆ ಎಚ್ಚರ ಆಗುತ್ತೆ. ರೇಷ್ಮೆ ಸೀರೆಯಲ್ಲೇ ಶೆಡ್ಡಿಗೆ ಹೋದೆ. ಕಾರ್ಬುರೇಟರ್ ಮೇಲಿನ ಮುಚ್ಚಳ ಬಿಚ್ಚಿರಲೇ ಇಲ್ಲ. ತಂತಿ ಮೊಳೆಯಲ್ಲೇ ನೇತಾಡ್ತಿತ್ತು. ಅವರು ಬಿಟ್ಟುಬಂದಿದ್ದ ಟಾರ್ಚು ಎತ್ಕೊಂಡು, ಬಗ್ಗಿ, ಆ ದುಂಡನೆ ತೂತಿನೊಳಗೆ ಬೆಳಕು ಬಿಟ್ಟೆ. ಖಾಲಿ ಗೂಡು. ಅದರ ಹಿಂದೆ, ಕೊಳವೆಯ ಒಳಗೆ, ಇನ್ನೊಂದು ಗೋಡೆ. ನುಣ್ಣಗೆ ಮೆತ್ತಿದ್ದು. ಅದರಲ್ಲಿ ತೂತಿರಲಿಲ್ಲ. ಇನ್ನೊಂದು ಮರಿ ಒಳಗಿತ್ತು.

ಅಲ್ಲೇ ರೆಕ್ಕೆ ಕೆಳಗೆ ಕೂತುಬಿಟ್ಟೆ. ಜೀವನವೆಲ್ಲ ನನ್ನ ಹರಕೆ, ಉಪವಾಸ, ರಾಹುಕಾಲ ನೋಡಿ ನಕ್ಕ ಮನುಷ್ಯ. ಹೋದ ವರ್ಷ ಏಣಿ ಹತ್ತಿ ಕೆರೆದದ್ದು ಅವರ ಕೈ. ಪುಟ್ಟಮ್ಮತ್ತೆ ಮೆಲ್ಲಗೆ ಕೇಳಿದ ಮಾತು ಬಚ್ಚಲವರೆಗೂ ಹೋಗಿತ್ತು, ಮನಸ್ಸಿನೊಳಗೂ ಹೋಗಿ ಕೂತಿತ್ತು, ಒಂದು ವರ್ಷದಿಂದ ಅವರೊಬ್ಬರೇ ಅದನ್ನ ಹೊತ್ಕೊಂಡು ಓಡಾಡ್ತಿದ್ರು. ನನಗೆ ಗೊತ್ತೇ ಆಗಿರಲಿಲ್ಲವಲ್ಲ. ಹಾರೋದಂದ್ರೆ ಅವರಿಗೆ ಏನು ಅಂತ ನನಗೆ ಗೊತ್ತು. ಅದನ್ನ ಒಂದು ಹುಳದ ಮುಂದೆ ಇಟ್ಟು ಬಂದು, ತಪ್ಪನ್ನ ಕಾರ್ಬುರೇಟರ್ ಮೇಲೆ ಹಾಕಿದ್ರು. ಚೆನ್ನಾಗಿ ಅತ್ತು, ಪಿನ್ನೆಲ್ಲ ಬಿಚ್ಚಿ, ಮನೆಗೆ ಬಂದು ಕಜ್ಜಾಯಕ್ಕೆ ಪಾಕ ಇಟ್ಟೆ. ಅವರನ್ನ ಏನೂ ಕೇಳಲಿಲ್ಲ. ಎರಡು ಕಜ್ಜಾಯ ಹೆಚ್ಚಿಗೆ ಬಡಿಸಿದೆ.

ದೀಪಾವಳಿ ಹೋಯ್ತು. ಡಾಕ್ಟರ ಸಹಿಯೂ ಮುಗೀತು.

ಪುಷ್ಯ ಮಾಸದ ಚಳಿಯಲ್ಲಿ ಸುಮಾಗೆ ಹೆಣ್ಣುಮಗು ಹುಟ್ಟಿತು. ಮೈಸೂರಿನ ಆಸ್ಪತ್ರೆಯಲ್ಲಿ, ಏನೂ ತೊಂದರೆ ಇಲ್ಲದೆ, ಲಕ್ಷಣವಾಗಿ ಕಿರಿಚಿಕೊಂಡು. ಇವರು ಎತ್ತಿಕೊಂಡು ಮಗುವಿನ ಬೆರಳನ್ನ ಒಂದೊಂದಾಗಿ ಬಿಡಿಸಿ ನೋಡಿದ್ರು. ಒಳಗಿನ ಹುಳ ಯಾವಾಗ ಹೋಯ್ತೋ, ನಾವು ಯಾರೂ ನೋಡಲಿಲ್ಲ. ಬಾಣಂತಿ ಮನೆಯಲ್ಲಿ ಹುಳದ ದಾರಿ ಕಾಯೋಕೆ ಪುರುಸೊತ್ತು ಯಾರಿಗಿತ್ತು?

ಹುರುಳಿ ಒಕ್ಕಣೆ ಮುಗಿದ ಮೇಲೆ ಒಂದು ಬೆಳಿಗ್ಗೆ, ಕೈಯೆಲ್ಲ ಮಣ್ಣು ಮಾಡ್ಕೊಂಡು ಇವರು ಅಡುಗೆಮನೆ ಬಾಗಿಲಿಗೆ ಬಂದ್ರು. ಕೈಯಲ್ಲಿದ್ದ ತಂತಿಯನ್ನ ಜರಡಿ ಪಕ್ಕದ ಮೊಳೆಗೆ ನೇತುಹಾಕಿ, "ಕಾರ್ಬುರೇಟರ್ ಸರಿಹೋಯ್ತು ಕಣೇ" ಅಂದ್ರು.

"ಹೌದಾ" ಅಂದೆ.

"ನೆಲದ ಮೇಲೆ ಓಡಿಸೋಕೆ ಯಾವ ಡಾಕ್ಟರ ಅಪ್ಪಣೆಯೂ ಬೇಡ. ಬರ್ತೀಯಾ?"

ಮಗು ಮಲಗಿತ್ತು. ಮನೆಯಲ್ಲಿ ಉಟ್ಟಿದ್ದ ಸೀರೆಯಲ್ಲೇ ಹೋದೆ. ನಾನೇ ಹೊಲಿದ ಕವರಿನ ಮೇಲೆ ನಾನು ಮೊದಲ ಸಲ ಕೂತದ್ದು ಅವತ್ತು. ಬೆಲ್ಟು ಅವರೇ ಬಿಗಿದ್ರು. ಬಾಗಿಲು ಎರಡು ಸಲ ಎಳೆದ್ರು. ಫ್ಯಾನು ತಿರುಗಿತು, ಇಡೀ ವಿಮಾನ ಮಿಲ್ಲಿನ ಹಾಗೆ ನಡುಗಿತು, ನನಗೆ ಅಪ್ಪನ ನೆನಪಾಯ್ತು. ಬದುವಿನ ಮೇಲೆ ಪುಟ್ಟಮ್ಮತ್ತೆ ಎಮ್ಮೆ ಹಗ್ಗ ಬಿಗಿಯಾಗಿ ಹಿಡ್ಕೊಂಡು ನಿಂತಿದ್ರು. ಹುಲ್ಲಿನ ಪಟ್ಟೆ ಉದ್ದಕ್ಕೂ ಕುಲುಕ್ತಾ ಹೋದ್ವಿ, ನನ್ನ ಕೆಂಪು ಸೀರೆಯ ಗಾಳಿಚೀಲ ದಾಟಿ, ಹುರುಳಿ ಕೂಳೆ ದಾಟಿ, ಹೊಲದ ತುದಿಯ ಹೊಂಗೆಮರದವರೆಗೆ. ನೆಲ ಬಿಡಲಿಲ್ಲ. ತುದಿಯಲ್ಲಿ ವಿಮಾನ ತಿರುಗಿಸಿ ನಿಲ್ಲಿಸಿ, ಎಂಜಿನ್ನು ಜೋರು ಮಾಡಿ, ಕೆಮ್ಮುತ್ತೇನೋ ಅಂತ ತುಂಬಾ ಹೊತ್ತು ಕಿವಿಗೊಟ್ಟು ಕೂತ್ರು. ಒಂದು ಎಳೆಯೂ ಆಚೀಚೆ ಆಗಲಿಲ್ಲ.

ನಾನು ಅವರ ಕಿವಿ ಹತ್ತಿರ ಬಗ್ಗಿ ಕೂಗಿ ಹೇಳಿದೆ: "ಆ ಕಾರ್ಬುರೇಟರ್‌ಗೆ ಆವತ್ತೂ ಏನೂ ಆಗಿರಲಿಲ್ಲ ಕಣ್ರೀ!"

ಎಂಜಿನ್ ಸದ್ದಿನಲ್ಲಿ ಕೇಳಿಸದವರ ಹಾಗೆ ಮುಂದೆ ನೋಡ್ತಾ ಕೂತಿದ್ರು. ಕಿವಿ ಮಾತ್ರ ಕೆಂಪಗಾಗಿತ್ತು.

"ಇನ್ನೊಂದು ಸುತ್ತು ಹೋಗೋಣ ನಡೀರಿ" ಅಂದೆ, ಅಷ್ಟು ಜೋರಾಗೇನಲ್ಲ.

ಅದು ಮಾತ್ರ ತಟ್ಟನೆ ಕೇಳಿಸ್ತು.